ಮಗುವಿನ ತೂಕ ಎಷ್ಟು ಕಿಲೋ?

ಅಮೆರಿಕದಲ್ಲಿ ತಾಯಿಯೊಬ್ಬಳನ್ನು ಮಗುವಿನ ತೂಕ ಎಷ್ಟೆಂದು ಕೇಳಿದರೆ ಆಕೆ ಪೌಂಡುಗಳಲ್ಲಿ ಹೇಳುತ್ತಾಳೆ. ಹೆರಿಗೆಯ ದಿನ ಬಂಧುಗಳಿಗೆ ಕಳಿಸುವ ಸಂದೇಶದಿಂದ ಹಿಡಿದು ಕಾರಿನಲ್ಲಿ ಕೂರಿಸುವ ಮಕ್ಕಳ ಆಸನದ ಸೂಚನೆಯವರೆಗೆ ಎಲ್ಲವೂ ಪೌಂಡುಗಳಲ್ಲೇ ಇರುವ ದೇಶದಲ್ಲಿ ಅದು ಸಹಜ. ಆದರೆ ಮಕ್ಕಳಿಗೆ ಕೊಡುವ ಬಹುತೇಕ ಔಷಧಗಳ ಪ್ರಮಾಣ ನಿಗದಿಯಾಗುವುದು ಒಂದು ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ. 22 ಪೌಂಡಿನ ಮಗು ಸುಮಾರು 10 ಕಿಲೋ ತೂಗುತ್ತದೆ. ನಡುರಾತ್ರಿಯ ಗಡಿಬಿಡಿಯಲ್ಲಿ ಆ 22 ಎಂಬ ಅಂಕಿ ಕಿಲೋಗ್ರಾಂ ಬರೆಯಬೇಕಾದ ಜಾಗದಲ್ಲಿ ಸೇರಿಕೊಂಡರೆ ಮಗುವಿನ ದೇಹಕ್ಕೆ ಹೋಗುವುದು ಬೇಕಾದುದರ ಎರಡು ಪಟ್ಟಿಗೂ ಮೀರಿದ ಔಷಧ. ವಯಸ್ಕರ ಶರೀರ ತಾಳಿಕೊಳ್ಳಬಹುದಾದ ಇಂಥ ತಪ್ಪನ್ನು ಹತ್ತು ಕಿಲೋದ ಶರೀರ ತಾಳಿಕೊಳ್ಳದೆ ಹೋಗಬಹುದು.

ಇದಕ್ಕೆ ಪರಿಹಾರ ದುಬಾರಿಯದಲ್ಲ. ತುರ್ತು ಚಿಕಿತ್ಸಾ ವಿಭಾಗದ ತೂಕದ ಯಂತ್ರ ಕಿಲೋಗ್ರಾಂ ಬಿಟ್ಟು ಬೇರೇನನ್ನೂ ತೋರಿಸದಂತೆ ಮಾಡಬೇಕು. ದಾಖಲೆಯಲ್ಲಿ ಪೌಂಡಿಗೆ ಜಾಗವೇ ಇರಬಾರದು. ಹೊಸ ಯಂತ್ರವಾಗಲಿ, ಹೊಸ ತಜ್ಞರಾಗಲಿ ಬೇಕಿಲ್ಲ. ಹೀಗಿದ್ದೂ 2013ರಲ್ಲಿ ದೇಶದ ನಾಲ್ಕು ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಉತ್ತರಿಸಿದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಆಸ್ಪತ್ರೆಗಳು ಈ ನಿಯಮವನ್ನು ಪಾಲಿಸುತ್ತಿರಲಿಲ್ಲ ಎಂಬುದು ಬೆಳಕಿಗೆ ಬಂತು. ಜಗತ್ತಿನಲ್ಲೇ ಅತಿ ಹೆಚ್ಚು ಹಣವನ್ನು ವೈದ್ಯಕೀಯಕ್ಕೆ ಸುರಿಯುವ ದೇಶದಲ್ಲಿ ಇದು ಹೇಗೆ ಸಾಧ್ಯವಾಯಿತು? ಉತ್ತರ ಸರಳ. ಅದನ್ನು ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ.

ಮಕ್ಕಳ ತುರ್ತು ಚಿಕಿತ್ಸೆಯ ಇಡೀ ಸಮಸ್ಯೆ ಈ ಒಂದು ವಾಕ್ಯದಲ್ಲಿ ಅಡಗಿದೆ. ವಿಜ್ಞಾನಕ್ಕೆ ಇಲ್ಲಿ ಕೊರತೆಯಿಲ್ಲ, ಹಣದ ಕೊರತೆಯೂ ಹೇಳಿಕೊಳ್ಳುವಷ್ಟಿಲ್ಲ. ಕೊರತೆಯಿರುವುದು ಹೊಣೆಗಾರಿಕೆಗೆ. ಹೊಣೆಯನ್ನು ಐವತ್ತು ರಾಜ್ಯಗಳ ನಡುವೆ, ಸಾವಿರಾರು ಆಸ್ಪತ್ರೆಗಳ ನಡುವೆ, ಅವುಗಳ ಲಾಭನಷ್ಟದ ಲೆಕ್ಕಗಳ ನಡುವೆ ಹಂಚಿ ಹಾಕಿದಾಗ ಅದು ಕೊನೆಗೆ ಯಾರ ಮೇಲೂ ನಿಲ್ಲುವುದಿಲ್ಲ.

ವಯಸ್ಕರಿಗಾಗಿ ಕಟ್ಟಿದ ಮನೆ

ಅಮೆರಿಕದ ಆಧುನಿಕ ತುರ್ತು ವೈದ್ಯಕೀಯ ಸೇವೆ ರೂಪುಗೊಂಡದ್ದು 1960 ಮತ್ತು 70ರ ದಶಕಗಳಲ್ಲಿ. ಹೆದ್ದಾರಿಗಳಲ್ಲಿ ಸಾಯುವವರ ಸಂಖ್ಯೆ ಆಗ ಭಯ ಹುಟ್ಟಿಸುತ್ತಿತ್ತು. 1966ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ ವರದಿಯೊಂದು ಅಪಘಾತದ ಸಾವುಗಳನ್ನು ಕಡೆಗಣಿಸಲಾದ ಪಿಡುಗೆಂದು ಕರೆದು ಸರ್ಕಾರವನ್ನು ಎಚ್ಚರಿಸಿತು. ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಭೂಮಿಗಳಲ್ಲಿ ಗಾಯಾಳು ಸೈನಿಕರನ್ನು ಬೇಗ ಸಾಗಿಸಿ ಬದುಕಿಸಿದ ಅನುಭವ ಮಾದರಿಯಾಯಿತು. ಹೃದಯಾಘಾತಕ್ಕೆ ಆಂಬುಲೆನ್ಸಿನಲ್ಲೇ ಚಿಕಿತ್ಸೆ ಕೊಡುವ ಪ್ರಯೋಗಗಳು ಯಶಸ್ವಿಯಾದವು. 1973ರ ಕಾನೂನು ಇವೆಲ್ಲಕ್ಕೂ ಕೇಂದ್ರದ ಹಣವನ್ನು ಒದಗಿಸಿತು.

ಸೈನಿಕ, ಕಾರು ಓಡಿಸುವಾತ, ಹೃದಯ ಹಿಡಿದುಕೊಂಡು ಕುಸಿದ ನಡುವಯಸ್ಸಿನ ಗಂಡಸು: ಈ ಮೂವರನ್ನು ಕಣ್ಣೆದುರಿಗಿಟ್ಟುಕೊಂಡು ಆಂಬುಲೆನ್ಸಿನ ಕಪಾಟುಗಳನ್ನು ತುಂಬಲಾಯಿತು, ಸಿಬ್ಬಂದಿಯ ಪಾಠಗಳನ್ನು ಬರೆಯಲಾಯಿತು. ಮಗು ಆ ಚಿತ್ರದಲ್ಲಿ ಇರಲಿಲ್ಲ. ಮಗುವೆಂದರೆ ಚಿಕ್ಕ ಗಾತ್ರದ ವಯಸ್ಕ ಎಂಬ ತಪ್ಪು ತಿಳಿವಳಿಕೆ ವ್ಯವಸ್ಥೆಯ ತಳಪಾಯದಲ್ಲೇ ಕೂತಿತು.

ಮಗುವಿನ ಶರೀರ ಬೇರೆಯೇ ನಿಯಮಗಳಿಗೆ ಒಳಪಟ್ಟದ್ದು. ಶ್ವಾಸನಾಳ ಕಿರಿದಾದ್ದರಿಂದ ಅಲ್ಪ ಊತವೂ ಉಸಿರುಗಟ್ಟಿಸುತ್ತದೆ. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಮೈಯ ಶಾಖ ಬೇಗ ಸೋರಿಹೋಗುತ್ತದೆ. ರಕ್ತ ಅಥವಾ ನೀರಿನಂಶ ಕಳೆದುಕೊಂಡ ಮಗು ತನ್ನ ರಕ್ತದೊತ್ತಡವನ್ನು ಬಹಳ ಹೊತ್ತು ಕಾಪಾಡಿಕೊಂಡು, ನೋಡುವವರಿಗೆ ಪರವಾಗಿಲ್ಲವೆನಿಸಿ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ವಯಸ್ಕರಲ್ಲಿ ರಕ್ತದೊತ್ತಡ ಎಚ್ಚರಿಕೆಯ ಗಂಟೆಯಾದರೆ, ಮಗುವಿನಲ್ಲಿ ಆ ಗಂಟೆ ಬಾರಿಸುವಷ್ಟರಲ್ಲಿ ತಡವಾಗಿರುತ್ತದೆ. ಇದರ ಮೇಲೆ, ಮೂರು ಕಿಲೋದ ಹಸುಗೂಸಿನಿಂದ ಅರವತ್ತು ಕಿಲೋದ ಹದಿಹರೆಯದವರವರೆಗೆ ಪ್ರತಿಯೊಂದು ಗಾತ್ರಕ್ಕೂ ಬೇರೆ ಕೊಳವೆ, ಬೇರೆ ಮುಖವಾಡ, ಬೇರೆ ಪ್ರಮಾಣದ ಔಷಧ ಬೇಕು. ನೋವು ಎಲ್ಲಿದೆಯೆಂದು ಕೇಳಿದರೆ ಹೇಳಲು ಮಾತು ಬಂದಿರುವುದಿಲ್ಲ.

ಈ ಕೊರತೆಯನ್ನು ಮೊದಲು ಗುರುತಿಸಿ ಕೂಗೆಬ್ಬಿಸಿದವರಲ್ಲಿ ಹವಾಯಿಯ ಮಕ್ಕಳ ವೈದ್ಯ ಕ್ಯಾಲ್ವಿನ್ ಸಿಯಾ ಒಬ್ಬರು. ಅದೇ ರಾಜ್ಯದ ಸೆನೆಟರ್ ಡೇನಿಯಲ್ ಇನೌಯೆ ಅವರ ಕಚೇರಿಯ ಹಿರಿಯ ಸಹಾಯಕರೊಬ್ಬರ ಮಗು ಮೆದುಳುಪೊರೆಯ ಉರಿಯೂತದಿಂದ ಸಾವಿನಂಚಿಗೆ ಹೋಗಿ ಬಂದಾಗ ತುರ್ತು ವಿಭಾಗಗಳು ಮಕ್ಕಳಿಗೆ ಎಷ್ಟು ಸಜ್ಜಾಗಿಲ್ಲ ಎಂಬುದು ರಾಜಧಾನಿಯ ಕಣ್ಣಿಗೂ ಬಿತ್ತು. ಇನೌಯೆ ಡೆಮಾಕ್ರಾಟ್, ಅವರೊಂದಿಗೆ ಕೈಜೋಡಿಸಿದ ಆರಿನ್ ಹ್ಯಾಚ್ ಮತ್ತು ಲೋವೆಲ್ ವೈಕರ್ ರಿಪಬ್ಲಿಕನ್ನರು. 1984ರಲ್ಲಿ ಮಕ್ಕಳ ತುರ್ತು ವೈದ್ಯಕೀಯ ಸೇವೆಗಳ ಕಾರ್ಯಕ್ರಮಕ್ಕೆ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಅಲಬಾಮ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮತ್ತು ಆರಿಗನ್ ರಾಜ್ಯಗಳಲ್ಲಿ ಪ್ರಯೋಗರೂಪದ ಕೆಲಸ ಮೊದಲಾಗಿ, ಕ್ರಮೇಣ ಎಲ್ಲ ರಾಜ್ಯಗಳಿಗೂ ಹಬ್ಬಿತು.

ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. 1981ರಲ್ಲಿ ರೇಗನ್ ಸರ್ಕಾರ ತುರ್ತು ಸೇವೆಗೆಂದೇ ಮೀಸಲಾಗಿದ್ದ ಕೇಂದ್ರದ ಹಣವನ್ನು ಬೇರೆ ಹಲವು ಬಾಬುಗಳೊಂದಿಗೆ ಬೆರೆಸಿ, ಬೇಕಾದಂತೆ ಖರ್ಚು ಮಾಡಿಕೊಳ್ಳಿರೆಂದು ರಾಜ್ಯಗಳ ಕೈಗೆ ಒಪ್ಪಿಸಿತು. ಒಂದೊಂದು ರಾಜ್ಯವೂ ಒಂದೊಂದು ದಾರಿ ಹಿಡಿಯಿತು. ಆಂಬುಲೆನ್ಸಿನಲ್ಲಿ ಏನಿರಬೇಕು, ಸಿಬ್ಬಂದಿ ಏನು ಕಲಿತಿರಬೇಕು, ಯಾವ ಮಗುವನ್ನು ಯಾವ ಆಸ್ಪತ್ರೆಗೆ ಒಯ್ಯಬೇಕು ಎಂಬುದೆಲ್ಲ ಗಡಿ ದಾಟಿದ ಕೂಡಲೇ ಬದಲಾಗುವ ಸ್ಥಿತಿ ಅಂದಿನಿಂದ ಇಂದಿನವರೆಗೂ ಮುಂದುವರಿದಿದೆ.

ಅಂಕಿಗಳು ಹೇಳುವ ಮಾತು

2006ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥಾನ ಈ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ತುರ್ತು ವಿಭಾಗಕ್ಕೆ ಬರುವವರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಾಗಿದ್ದರೂ, ಮಕ್ಕಳಿಗೆ ಅಗತ್ಯವಾದ ಸಾಮಗ್ರಿಗಳೆಲ್ಲವೂ ಇದ್ದ ತುರ್ತು ವಿಭಾಗಗಳು ಶೇಕಡ 6 ಮಾತ್ರ. ಮೂರು ವರ್ಷಗಳ ನಂತರ ಮಕ್ಕಳ ವೈದ್ಯರ, ತುರ್ತು ವೈದ್ಯರ ಮತ್ತು ತುರ್ತು ವಿಭಾಗದ ನರ್ಸುಗಳ ಸಂಘಗಳು ಒಟ್ಟಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿದವು. ಅದರ ಆಧಾರದ ಮೇಲೆ 100 ಅಂಕಗಳ ಅಳತೆಗೋಲು ಸಿದ್ಧವಾಯಿತು. 2013ರ ಮೌಲ್ಯಮಾಪನದಲ್ಲಿ ಆಸ್ಪತ್ರೆಗಳ ಮಧ್ಯಮ ಅಂಕ 69. 2021ರಲ್ಲಿ ಮತ್ತೆ ಅಳೆದಾಗ ಅದು 69.5. ಎಂಟು ವರ್ಷಗಳಲ್ಲಿ ಅರ್ಧ ಅಂಕದ ಪ್ರಗತಿ!

ಈ ಅಂಕಗಳು ಕಾಗದದ ಮೇಲಿನ ಲೆಕ್ಕವಷ್ಟೇ ಎನ್ನುವವರಿಗೆ ಕಳೆದ ಕೆಲವು ವರ್ಷಗಳ ಸಂಶೋಧನೆ ಉತ್ತರ ಕೊಟ್ಟಿದೆ. ತೀವ್ರವಾಗಿ ಕಾಯಿಲೆ ಬಿದ್ದ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅತಿ ಕಡಿಮೆ ಅಂಕದ ಆಸ್ಪತ್ರೆಗಳಿಗೆ ಹೋಲಿಸಿದರೆ ಅತಿ ಹೆಚ್ಚು ಅಂಕದ ಆಸ್ಪತ್ರೆಗಳಲ್ಲಿ ಸಾವಿನ ಸಂಭವ ಸುಮಾರು ನಾಲ್ಕನೆಯ ಒಂದು ಭಾಗ. ಗಾಯಗೊಂಡ ಮಕ್ಕಳ ಬಗ್ಗೆ 2021ರಲ್ಲಿ 832 ಆಘಾತ ಚಿಕಿತ್ಸಾ ಕೇಂದ್ರಗಳ 3,70,000ಕ್ಕೂ ಹೆಚ್ಚು ದಾಖಲೆಗಳನ್ನು ನೋಡಿದ ಇನ್ನೊಂದು ಅಧ್ಯಯನ, ಸನ್ನದ್ಧ ಆಸ್ಪತ್ರೆಗಳಲ್ಲಿ ಸಾವಿನ ಸಂಭವ ಶೇಕಡ 42ರಷ್ಟು ಕಡಿಮೆಯೆಂದು ತೋರಿಸಿತು. ಹಠಾತ್ ಕಾಯಿಲೆಯಿಂದ ಬಂದ ಕಪ್ಪು ಮಕ್ಕಳ ಮತ್ತು ಬಿಳಿಯ ಮಕ್ಕಳ ಸಾವಿನ ಪ್ರಮಾಣದ ನಡುವಿನ ಅಂತರವೂ ಸನ್ನದ್ಧ ಆಸ್ಪತ್ರೆಗಳಲ್ಲಿ ಕಿರಿದಾಗುತ್ತದೆ ಎಂಬುದನ್ನು ಸಂಶೋಧಕರು ಗುರುತಿಸಿದ್ದಾರೆ. ವ್ಯವಸ್ಥೆ ಸಡಿಲವಾಗಿದ್ದಷ್ಟೂ ಪೂರ್ವಗ್ರಹಕ್ಕೆ ಜಾಗ ಹೆಚ್ಚು, ಬಿಗಿಯಾಗಿದ್ದಷ್ಟೂ ಕಡಿಮೆ.

ಖರ್ಚಿನ ಲೆಕ್ಕವೂ ಈಗ ದೊರೆತಿದೆ. 2024ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ದೇಶದ ಎಲ್ಲ ತುರ್ತು ವಿಭಾಗಗಳನ್ನು ಮಕ್ಕಳಿಗಾಗಿ ಚೆನ್ನಾಗಿ ಸಜ್ಜುಗೊಳಿಸಲು ವರ್ಷಕ್ಕೆ ಸುಮಾರು 20 ಕೋಟಿ 70 ಲಕ್ಷ ಡಾಲರ್ ಬೇಕು. ಯಾವ ರಾಜ್ಯದಲ್ಲೂ ತಲೆಗೆ 12 ಡಾಲರ್ ಮೀರುವುದಿಲ್ಲ. ಅದರಿಂದ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಜೀವ ಉಳಿಯಬಹುದು. ಒಂದು ಮಗುವಿಗೆ ಒಂದು ವರ್ಷಕ್ಕೆ ಒಂದು ಪಿಟ್ಸಾದ ಬೆಲೆ. ಈ ಹೋಲಿಕೆ ಒರಟೆನಿಸಬಹುದು. ಆದರೆ ಹಣವಿಲ್ಲವೆಂಬ ವಾದ ಅದಕ್ಕಿಂತಲೂ ಒರಟು.

ಲಾಭವಿಲ್ಲದ ರೋಗಿ

ಹಾಗಾದರೆ ಯಾಕೆ ಆಗುತ್ತಿಲ್ಲ? ಮೊದಲ ಕಾರಣ, ಮಕ್ಕಳು ಚದುರಿಹೋಗಿರುವುದು. ತುರ್ತು ಚಿಕಿತ್ಸೆ ಬೇಕಾದ ಮಕ್ಕಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಹೋಗುವುದು ಸಾಮಾನ್ಯ ಆಸ್ಪತ್ರೆಗಳಿಗೆ, ಮಕ್ಕಳ ವಿಶೇಷ ಆಸ್ಪತ್ರೆಗಳಿಗಲ್ಲ. ಸುಮಾರು 70 ಶೇಕಡ ತುರ್ತು ವಿಭಾಗಗಳು ದಿನವೊಂದಕ್ಕೆ ನೋಡುವುದು 15ಕ್ಕಿಂತ ಕಡಿಮೆ ಮಕ್ಕಳನ್ನು; ಅವರಲ್ಲೂ ಹೆಚ್ಚಿನವರು ಜ್ವರ, ಕೆಮ್ಮು, ಮೊಣಕಾಲಿನ ಗಾಯದವರು. ನಿಜಕ್ಕೂ ಜೀವಾಪಾಯದಲ್ಲಿರುವ ಮಗು ಅಲ್ಲಿಗೆ ಬರುವುದು ಅಪರೂಪ. ಆದ್ದರಿಂದಲೇ ಸಿಬ್ಬಂದಿಯ ಕೈ ಪಳಗಿರುವುದಿಲ್ಲ. ಬಾರದ ಮಗುವಿಗಾಗಿ ಸಿದ್ಧವಾಗಿರುವುದು ಮಾರುಕಟ್ಟೆಯ ಭಾಷೆಯಲ್ಲಿ ವ್ಯರ್ಥ. ಆರೋಗ್ಯದ ಭಾಷೆಯಲ್ಲಿ ಅದೇ ಕರ್ತವ್ಯ. ಅಗ್ನಿಶಾಮಕ ದಳ ಇಂದು ಬೆಂಕಿ ಬೀಳಲಿಲ್ಲವೆಂದು ಯಾರೂ ಅದನ್ನು ಮುಚ್ಚುವುದಿಲ್ಲ.

ಎರಡನೆಯ ಕಾರಣ ನೇರವಾಗಿ ಹಣದ್ದು. ಅಮೆರಿಕದ ಮಕ್ಕಳಲ್ಲಿ ಬಹುದೊಡ್ಡ ಪಾಲು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಮತ್ತು ಅದರ ಸೋದರ ಯೋಜನೆಗಳ ಆಶ್ರಯದಲ್ಲಿದೆ. ಖಾಸಗಿ ವಿಮೆಗಿಂತ ಮೆಡಿಕೇಡ್ ಕಡಿಮೆ ಹಣ ಕೊಡುತ್ತದೆ. ಎಷ್ಟು ಕಡಿಮೆ ಎಂಬುದನ್ನು ರಾಜ್ಯವೇ ನಿರ್ಧರಿಸುತ್ತದೆ. ಮಗುವಿನ ಹಾಸಿಗೆಗಿಂತ ಮಂಡಿ ಬದಲಿಸಿಕೊಳ್ಳಲು ಬಂದ ವಯಸ್ಕರ ಹಾಸಿಗೆ ಲಾಭಕರ. 2008ರಿಂದ 2018ರ ನಡುವಿನ ಹತ್ತು ವರ್ಷಗಳಲ್ಲಿ ದೇಶದ ಆಸ್ಪತ್ರೆಗಳಲ್ಲಿದ್ದ ಮಕ್ಕಳ ಒಳರೋಗಿ ವಿಭಾಗಗಳಲ್ಲಿ ಸುಮಾರು ಶೇಕಡ 19ರಷ್ಟು ಮುಚ್ಚಿಹೋದವು. ಅದರ ಬೆಲೆ 2022ರ ಚಳಿಗಾಲದಲ್ಲಿ ಕಾಣಿಸಿತು. ಉಸಿರಾಟದ ಸೋಂಕುಗಳು ಒಟ್ಟಿಗೆ ಬಂದೆರಗಿದಾಗ ಹಾಸಿಗೆ ಸಿಗದ ಮಕ್ಕಳು ತುರ್ತು ವಿಭಾಗಗಳ ಮಂಚಗಳ ಮೇಲೇ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾದರು.

ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ಮುಚ್ಚಿದರೆ ಹೋಗುವುದು ಹಾಸಿಗೆಗಳಷ್ಟೇ ಅಲ್ಲ. ಹಸುಗೂಸಿನ ಕೈಯಲ್ಲಿ ರಕ್ತನಾಳ ಹುಡುಕಬಲ್ಲ ನರ್ಸು ಹೋಗುತ್ತಾಳೆ, ರಾತ್ರಿ ಕರೆದರೆ ಬರುವ ಮಕ್ಕಳ ವೈದ್ಯರು ಹೋಗುತ್ತಾರೆ. ಉಳಿದ ತುರ್ತು ವಿಭಾಗಕ್ಕೆ ಬಾಗಿಲಿದೆ, ದೀಪವಿದೆ. ಕಾನೂನಿನ ಪ್ರಕಾರ ಬಂದವರನ್ನು ಪರೀಕ್ಷಿಸದೆ ಕಳಿಸುವಂತಿಲ್ಲ. ಆದರೆ ಒಳಗೆ ಬಂದ ಮಗುವಿಗೆ ಅಲ್ಲಿ ಏನು ಸಿಗಬೇಕೆಂದು ಆ ಕಾನೂನು ಹೇಳುವುದಿಲ್ಲ.

ಎಲ್ಲ ಮಕ್ಕಳನ್ನೂ ದೊಡ್ಡ ಮಕ್ಕಳ ಆಸ್ಪತ್ರೆಗೇ ಕಳಿಸಿದರೆ ಸಾಲದೆ ಎಂಬ ಪ್ರಶ್ನೆ ಏಳುತ್ತದೆ. ದೇಶದ ನಕ್ಷೆ ಅದಕ್ಕೆ ಒಪ್ಪುವುದಿಲ್ಲ. ಆರ್ಕನ್ಸಾ ರಾಜ್ಯದ ವಾಯವ್ಯ ಭಾಗದಲ್ಲಿ, ವಾಲ್‌ಮಾರ್ಟ್ ಕಂಪನಿಯ ಸುತ್ತ ಬೆಳೆದ ಬೆಂಟನ್‌ವಿಲ್‌ನಲ್ಲಿ, ಇಂದು ದಕ್ಷಿಣ ಭಾರತೀಯ ಕುಟುಂಬಗಳು ಸಾಕಷ್ಟಿವೆ. ಆ ಸೀಮೆಯಲ್ಲಿ ಮಕ್ಕಳ ಆಸ್ಪತ್ರೆಯೊಂದು ತೆರೆದದ್ದು 2018ರಲ್ಲಿ. ಅದಕ್ಕೆ ಮೊದಲು ರಾಜ್ಯದ ಮಕ್ಕಳ ಆಸ್ಪತ್ರೆಗೆ ಹೋಗಬೇಕಾದರೆ ರಾಜಧಾನಿ ಲಿಟಲ್ ರಾಕ್‌ಗೆ ಸುಮಾರು ಇನ್ನೂರು ಮೈಲಿ ಸಾಗಬೇಕಿತ್ತು. ಮೊಂಟಾನ, ಡಕೋಟಗಳಂಥ ರಾಜ್ಯಗಳಲ್ಲಿ ಇಂದಿಗೂ ದೂರಗಳು ಇನ್ನೂ ಹೆಚ್ಚು. ಉಸಿರು ನಿಲ್ಲುತ್ತಿರುವ ಮಗು ಅಷ್ಟು ದೂರ ಕಾಯುವುದಿಲ್ಲ. ಸಾಗಿಸುವ ಮೊದಲು ಸ್ಥಿರಗೊಳಿಸಬೇಕು. ಅದನ್ನು ಮಾಡಬೇಕಾದ್ದು ಹತ್ತಿರದ ಸಣ್ಣ ಆಸ್ಪತ್ರೆಯೇ.

ಸ್ವಯಂಪ್ರೇರಣೆಯ ಮಿತಿ

ಸಣ್ಣ ಆಸ್ಪತ್ರೆಯಲ್ಲಿ ಏನಿರಬೇಕೆಂಬುದು ಗುಟ್ಟಿನ ವಿಷಯವೇನಲ್ಲ. ಮಕ್ಕಳ ತುರ್ತು ಚಿಕಿತ್ಸೆಯ ಹೊಣೆ ಹೊತ್ತ ಒಬ್ಬ ವೈದ್ಯರು ಮತ್ತು ಒಬ್ಬ ನರ್ಸು. ಎಲ್ಲ ಗಾತ್ರದ ಕೊಳವೆ ಮತ್ತು ಮುಖವಾಡಗಳು. ಮಗುವಿನ ಉದ್ದವನ್ನು ಅಳೆದು ತೂಕವನ್ನೂ ಔಷಧದ ಪ್ರಮಾಣವನ್ನೂ ಬಣ್ಣಗಳ ಮೂಲಕ ತಿಳಿಸುವ ಬ್ರೋಸ್ಲೋ ಪಟ್ಟಿ. ಕಿಲೋದಲ್ಲಿ ಮಾತ್ರ ತೂಕ. ವಯಸ್ಸಿಗೆ ತಕ್ಕಂತೆ ನಾಡಿ, ಉಸಿರಾಟಗಳ ಅಪಾಯದ ಮಿತಿ ತೋರಿಸುವ ಕೋಷ್ಟಕ. ಮಗುವನ್ನು ಎಲ್ಲಿಗೆ, ಹೇಗೆ ಕಳಿಸಬೇಕೆಂಬ ಮೊದಲೇ ಬರೆದಿಟ್ಟ ಒಪ್ಪಂದ. ಆಗಾಗ ಅಣಕು ಅಭ್ಯಾಸ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕೂ ಬೀಗದ ಕೈ. ಹೊಣೆಗಾರರಿದ್ದ ಆಸ್ಪತ್ರೆಗಳ ಅಂಕ ಇಲ್ಲದವುಗಳಿಗಿಂತ ಎದ್ದು ಕಾಣುವಷ್ಟು ಹೆಚ್ಚು. ದುರಂತವೆಂದರೆ 2021ರ ಮೌಲ್ಯಮಾಪನದ ಹೊತ್ತಿಗೆ ಇಂಥ ಹೊಣೆಗಾರರಿರುವ ಆಸ್ಪತ್ರೆಗಳ ಪ್ರಮಾಣ 2013ಕ್ಕಿಂತಲೂ ಕೆಳಗಿಳಿದಿತ್ತು.

ಇಳಿಯದೆ ಇನ್ನೇನಾಗುತ್ತದೆ? ಬಹುತೇಕ ರಾಜ್ಯಗಳಲ್ಲಿ ಇದು ಕಡ್ಡಾಯವಲ್ಲ. ಇಲಿನಾಯಿಯಂಥ ಕೆಲವು ರಾಜ್ಯಗಳು ಮಕ್ಕಳ ಚಿಕಿತ್ಸೆಗೆ ಸಜ್ಜಾದ ಆಸ್ಪತ್ರೆಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಪದ್ಧತಿಯನ್ನು ದೀರ್ಘಕಾಲದಿಂದ ನಡೆಸಿಕೊಂಡು ಬಂದಿವೆ. ಉಳಿದ ಅನೇಕ ರಾಜ್ಯಗಳಲ್ಲಿ ಆ ಪದ್ಧತಿಯೇ ಇಲ್ಲ. ಸ್ವಯಂಪ್ರೇರಣೆಯಿಂದ ಮುಂದೆ ಬರುವವರು ಸಾಮಾನ್ಯವಾಗಿ ಈಗಾಗಲೇ ಚೆನ್ನಾಗಿರುವವರು. ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ.

ಕಡ್ಡಾಯ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. 2012ರಲ್ಲಿ ಹನ್ನೆರಡು ವರ್ಷದ ರೋರಿ ಸ್ಟಾಂಟನ್ ಎಂಬ ಬಾಲಕ ಶಾಲೆಯ ಆಟದಲ್ಲಿ ಬಿದ್ದು ಕೈ ತರಚಿಕೊಂಡ. ಗಾಯದಿಂದ ಸೋಂಕು ರಕ್ತಕ್ಕೇರಿತು. ತುರ್ತು ವಿಭಾಗದಿಂದ ಅವನನ್ನು ಮನೆಗೆ ಕಳಿಸಲಾಯಿತು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ತಂದೆತಾಯಿಯರು ತಮ್ಮ ದುಃಖವನ್ನು ಹೋರಾಟವಾಗಿಸಿದರು. ಮರುವರ್ಷವೇ ನ್ಯೂಯಾರ್ಕ್ ರಾಜ್ಯ, ರಕ್ತದ ನಂಜನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಲಿಖಿತ ಕ್ರಮ ಎಲ್ಲ ಆಸ್ಪತ್ರೆಗಳಲ್ಲೂ ಇರಬೇಕು, ಫಲಿತಾಂಶ ಸರ್ಕಾರಕ್ಕೆ ವರದಿಯಾಗಬೇಕು ಎಂದು ನಿಯಮ ಮಾಡಿತು. ಆ ನಿಯಮಗಳಿಗೆ ಜನ ಕೊಟ್ಟ ಹೆಸರು ಆ ಹುಡುಗನದೇ. 2018ರಲ್ಲಿ ರಾಜ್ಯದ 54 ಆಸ್ಪತ್ರೆಗಳ ಸುಮಾರು 1,200 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ರಕ್ತ ಪರೀಕ್ಷೆ, ಆಂಟಿಬಯಾಟಿಕ್ ಮತ್ತು ರಕ್ತನಾಳದ ಮೂಲಕ ದ್ರವ ಈ ಮೂರೂ ಒಂದು ಗಂಟೆಯೊಳಗೆ ದೊರೆತ ಮಕ್ಕಳಲ್ಲಿ ಸಾವಿನ ಸಂಭವ ಸುಮಾರು ಶೇಕಡ 40ರಷ್ಟು ಕಡಿಮೆಯಿತ್ತು. ಆದರೆ ಹಾಗೆ ದೊರೆತದ್ದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ನಿಯಮ ಬಂದರೆ ಸಾಕೆಂದಲ್ಲ. ನಿಯಮವಿದ್ದುದರಿಂದ ಲೆಕ್ಕವಾದರೂ ಸಿಕ್ಕಿತು, ಎಲ್ಲಿ ಎಡವುತ್ತಿದ್ದಾರೆಂದು ತಿಳಿಯಿತು. ನಿಯಮವಿಲ್ಲದ ರಾಜ್ಯಗಳಲ್ಲಿ ಎಡವಿದ್ದೇ ತಿಳಿಯುವುದಿಲ್ಲ.

ಆರೋಗ್ಯ ರಾಜ್ಯಗಳ ಸ್ವಾತಂತ್ರ್ಯಕ್ಕೆ ಬಿಟ್ಟ ವಿಷಯ ಎಂಬ ವಾದಕ್ಕೆ ತನ್ನದೇ ಆದ ಗೌರವವಿದೆ. ಅಲಾಸ್ಕದ ದೂರದ ಊರಿಗೂ ಬಾಸ್ಟನ್ ನಗರಕ್ಕೂ ಒಂದೇ ಏರ್ಪಾಡು ಹೊಂದುವುದಿಲ್ಲ ಎಂಬುದು ನಿಜ. ಆದರೆ ಹೇಗೆ ತಲುಪಬೇಕೆಂಬುದನ್ನು ರಾಜ್ಯಕ್ಕೆ ಬಿಡುವುದು ಬೇರೆ, ತಲುಪಬೇಕೋ ಬೇಡವೋ ಎಂಬುದನ್ನೇ ಬಿಡುವುದು ಬೇರೆ. ವಿಮಾನದ ಸುರಕ್ಷತೆಗೆ ದೇಶಕ್ಕೆಲ್ಲ ಒಂದೇ ಕನಿಷ್ಠ ಮಟ್ಟವಿದೆ. ವೃದ್ಧರ ವಿಮೆಯಾದ ಮೆಡಿಕೇರ್‌ನಿಂದ ಹಣ ಪಡೆಯುವ ಆಸ್ಪತ್ರೆಗಳು ಕೇಂದ್ರದ ಷರತ್ತುಗಳನ್ನು ಪಾಲಿಸಲೇಬೇಕು. ಮಕ್ಕಳಿಗೆ ಸಜ್ಜಾಗಿರುವುದು ಆ ಷರತ್ತುಗಳಲ್ಲಿ ಸ್ಪಷ್ಟವಾಗಿ ಸೇರಬೇಕು. ಅದಕ್ಕೆ ತಗಲುವ ಖರ್ಚನ್ನು ಸಣ್ಣ, ಗ್ರಾಮೀಣ ಆಸ್ಪತ್ರೆಗಳಿಗೆ ಕೇಂದ್ರವೇ ಕೊಡಬೇಕು. ಮಕ್ಕಳ ಚಿಕಿತ್ಸೆಗೆ ಮೆಡಿಕೇಡ್ ಕೊಡುವ ದರ ಏರಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ನಿಲ್ಲುವುದಿಲ್ಲ. ಹಣ ಕೊಡದೆ ನಿಯಮ ಹೇರಿದರೆ ಸಣ್ಣ ಆಸ್ಪತ್ರೆ ಮುಚ್ಚುತ್ತದೆ. ನಿಯಮವಿಲ್ಲದೆ ಹಣ ಕೊಟ್ಟರೆ ಅದು ಬೇರೆಡೆಗೆ ಹರಿಯುತ್ತದೆ.

ಇಷ್ಟೆಲ್ಲ ಬೇಕಾಗಿರುವಾಗ ಗಾಳಿ ಬೀಸುತ್ತಿರುವುದು ವಿರುದ್ಧ ದಿಕ್ಕಿನಿಂದ. ಮಕ್ಕಳ ತುರ್ತು ಸೇವೆಗಳ ಕೇಂದ್ರ ಕಾರ್ಯಕ್ರಮಕ್ಕೆ ವರ್ಷಕ್ಕೆ ದೊರೆಯುತ್ತಿದ್ದುದು ಸುಮಾರು 2 ಕೋಟಿ 40 ಲಕ್ಷ ಡಾಲರ್. ಐವತ್ತು ರಾಜ್ಯಗಳ ದೇಶಕ್ಕೆ ಅದು ಚಿಲ್ಲರೆ ಹಣ. 2025ರಲ್ಲಿ ಶ್ವೇತಭವನ ಮುಂದಿಟ್ಟ ಆಯವ್ಯಯ ಪ್ರಸ್ತಾವ ಅದನ್ನೂ ಇಲ್ಲವಾಗಿಸಲು ಹೊರಟಿತು. ನಲವತ್ತು ವರ್ಷಗಳ ಹಿಂದೆ ಎರಡು ಪಕ್ಷಗಳು ಕೂಡಿ ಹಚ್ಚಿದ ದೀಪವನ್ನು ಎಣ್ಣೆಯ ಉಳಿತಾಯಕ್ಕಾಗಿ ಆರಿಸುವ ಯೋಚನೆಗೆ ಮಿತವ್ಯಯವೆಂಬ ಹೆಸರು ಸಲ್ಲದು.

ತಾಯ್ನಾಡಿನತ್ತ ಒಂದು ನೋಟ

ಭಾರತದ ಸಂವಿಧಾನದಲ್ಲೂ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ. ಹೊಣೆ ರಾಜ್ಯದ್ದು, ಹಣದ ಚೀಲದ ದಾರ ಬಹುಮಟ್ಟಿಗೆ ಕೇಂದ್ರದ ಕೈಯಲ್ಲಿ. ಕರ್ನಾಟಕದಲ್ಲಿ 2008ರಿಂದ 108 ಆಂಬುಲೆನ್ಸು ಓಡಾಡುತ್ತಿದೆ. ಆಂಬುಲೆನ್ಸು ಬರುವುದು ಮೊದಲ ಅರ್ಧ ಮಾತ್ರ. ಅದು ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಇಳಿಸಿದ ಮೇಲೆ ಏನಾಗುತ್ತದೆ ಎಂಬುದು ಉಳಿದರ್ಧ. ಕೋವಿಡ್‌ನ ಮೂರನೆಯ ಅಲೆ ಮಕ್ಕಳಿಗೆರಗುತ್ತದೆಂಬ ಭಯದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ 736 ಜಿಲ್ಲೆಗಳಲ್ಲಿ ಮಕ್ಕಳ ಘಟಕಗಳನ್ನು ಸ್ಥಾಪಿಸುವುದಾಗಿ ಘೋಷಿಸಿತು. ಭಯ ಕಳೆದ ಮೇಲೂ ಆ ಘಟಕಗಳಲ್ಲಿ ಯಂತ್ರಗಳ ಜೊತೆಗೆ ತರಬೇತಿ ಪಡೆದ ಕೈಗಳು ಇವೆಯೇ ಎಂದು ಪ್ರತಿ ಜಿಲ್ಲೆಯ ಜನ ಕೇಳಬೇಕು. ನೆರೆಯ ತಮಿಳುನಾಡು ತನ್ನ ಅಪಘಾತ ಮತ್ತು ತುರ್ತು ಚಿಕಿತ್ಸಾ ಯೋಜನೆಯಲ್ಲಿ ಮಕ್ಕಳ ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ಅಂಗವನ್ನಾಗಿ ಮಾಡಿಕೊಂಡಿದೆ. ಕಲಿಯಲು ಅಮೆರಿಕದವರೆಗೆ ಹೋಗಬೇಕಿಲ್ಲ.

ಇನ್ನೂ ದೊಡ್ಡ ಪಾಠ ಆಫ್ರಿಕದ ಮಲಾವಿಯಿಂದ ಬಂದಿದೆ. ಬ್ಲಾಂಟೈರ್ ನಗರದ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳು ಸರತಿಯಲ್ಲಿ ನಿಂತಲ್ಲೇ ಸಾಯುತ್ತಿದ್ದರು. ವೈದ್ಯೆ ಎಲಿಜಬೆತ್ ಮೊಲಿನ್ಯೂ ಮತ್ತು ಅವರ ಸಂಗಡಿಗರು ಬಾಗಿಲಲ್ಲೇ ಮಕ್ಕಳನ್ನು ನೋಡಿ, ಅಪಾಯದಲ್ಲಿರುವವರನ್ನು ಬೇರ್ಪಡಿಸಿ, ತಕ್ಷಣ ಚಿಕಿತ್ಸೆ ಕೊಡುವ ಕ್ರಮವನ್ನು ತಂದರು. ಶೇಕಡ 10ರಿಂದ 18ರ ನಡುವೆ ಇದ್ದ ಒಳರೋಗಿ ಮಕ್ಕಳ ಸಾವಿನ ಪ್ರಮಾಣ 6ರಿಂದ 8ಕ್ಕೆ ಇಳಿಯಿತು. ಬಡ ಮಲಾವಿಯಲ್ಲೂ ಶ್ರೀಮಂತ ಅಮೆರಿಕದಲ್ಲೂ ಮಗುವನ್ನು ಉಳಿಸುವುದು ಒಂದೇ ಸಂಗತಿ: ಮಗು ಬರುತ್ತದೆಂದು ಮೊದಲೇ ಯೋಚಿಸಿರುವುದು.

ಅಜ್ಜಿಯ ಉತ್ತರ

ಹೊರನಾಡ ಕನ್ನಡಿಗರಿಗೆ ಇದು ದೂರದ ನೀತಿಚರ್ಚೆಯಲ್ಲ. ಒಳ್ಳೆಯ ಶಾಲೆಯ ಅಂಕ ನೋಡಿ ಮನೆ ಕೊಳ್ಳುವ ಕುಟುಂಬಗಳು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ ಮಕ್ಕಳಿಗೆ ಎಷ್ಟು ಸಜ್ಜಾಗಿದೆಯೆಂದು ವಿಚಾರಿಸುವುದು ವಿರಳ. ಗಂಡಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಆರು ತಿಂಗಳ ವೀಸಾದ ಮೇಲೆ ಬಂದ ಅಜ್ಜಿ, ತಾತ ಹಗಲಿಡೀ ಮೊಮ್ಮಗುವನ್ನು ನೋಡಿಕೊಳ್ಳುತ್ತಾರೆ. ಅವರಿಗೆ ಕಾರು ಓಡಿಸಲು ಬಾರದು. 911ಕ್ಕೆ ಕರೆಮಾಡಿ ಯಾವ ಭಾಷೆಯಲ್ಲಿ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅವರ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳು ಊರಿನಿಂದ ತಂದ ಪೊಟ್ಟಣಗಳಲ್ಲಿ ಮಗುವಿನ ಕೈಗೆಟುಕುವಂತೆ ಇರುತ್ತವೆ. ಅವುಗಳಲ್ಲಿ ಕೆಲವು ಮಾತ್ರೆಗಳು ಒಂದೇ ಒಂದಾದರೂ ಎರಡು ವರ್ಷದ ಮಗುವಿನ ಪ್ರಾಣಕ್ಕೆ ಎರವಾಗಬಲ್ಲವು. ವಿಷಪ್ರಾಶನದ ಸಹಾಯವಾಣಿ 1-800-222-1222 ದೇಶದ ಎಲ್ಲ ಕಡೆ ಹಗಲಿರುಳು ಉಚಿತವಾಗಿ ಸಿಗುತ್ತದೆ. ಅದು ಎಷ್ಟು ಕನ್ನಡಿಗರ ಮನೆಯ ಫ್ರಿಜ್ಜಿನ ಮೇಲೆ ಅಂಟಿದೆ? ಕೇಂದ್ರದ ಹಣ ಪಡೆಯುವ ಆಸ್ಪತ್ರೆ ರೋಗಿಯ ಕುಟುಂಬಕ್ಕೆ ದುಭಾಷಿಯ ನೆರವನ್ನು ಉಚಿತವಾಗಿ ಒದಗಿಸಬೇಕೆಂಬುದು ಎಷ್ಟು ಅಜ್ಜಿಯರಿಗೆ ಗೊತ್ತು?

ಯುಗಾದಿಗೆ, ದೀಪಾವಳಿಗೆ ಸಾವಿರಾರು ಜನರನ್ನು ಸೇರಿಸಬಲ್ಲ ಕನ್ನಡ ಕೂಟಗಳಿಗೆ ಒಂದು ಮಧ್ಯಾಹ್ನದ ಪ್ರಥಮ ಚಿಕಿತ್ಸೆಯ ತರಬೇತಿ ಭಾರವಲ್ಲ. ಈ ಕೂಟಗಳಲ್ಲಿ ವೈದ್ಯರಿಗೂ ಕೊರತೆಯಿಲ್ಲ. ಅದರಾಚೆಗೆ, ಹತ್ತಿರದ ಆಸ್ಪತ್ರೆಗೆ ಪತ್ರ ಬರೆದು ಮಕ್ಕಳ ತುರ್ತು ಚಿಕಿತ್ಸೆಯ ಹೊಣೆ ಯಾರದೆಂದು ಕೇಳುವುದು, ರಾಜ್ಯದ ಶಾಸಕರ ಮುಂದೆ ಇದೇ ಪ್ರಶ್ನೆಯನ್ನಿಡುವುದು ಪೌರತ್ವದ ಸಾಮಾನ್ಯ ಕೆಲಸ. ತನ್ನ ಮಗುವಿಗೆ ಒಳ್ಳೆಯ ವಿಮೆಯಿದೆ ಎಂಬ ನೆಮ್ಮದಿ ಇಲ್ಲಿ ಉಪಯೋಗಕ್ಕೆ ಬಾರದು. ಹೆದ್ದಾರಿಯಲ್ಲಿ ಅಪಘಾತವಾದಾಗ ಆಂಬುಲೆನ್ಸು ಹೋಗುವುದು ವಿಮೆಯ ಚೀಟಿ ನೋಡಿಯಲ್ಲ. ಅತಿ ಹತ್ತಿರದ ಬಾಗಿಲಿಗೆ. ಆ ಬಾಗಿಲ ಹಿಂದೆ ಮೆಡಿಕೇಡಿನ ಮಗುವಿಗೆ ಬೇಕಾದ ಕೊಳವೆ ಇಲ್ಲದಿದ್ದರೆ ಎಂಜಿನಿಯರರ ಮಗುವಿಗೂ ಅದು ಇರುವುದಿಲ್ಲ. ಎಲ್ಲರ ಮಕ್ಕಳಿಗೂ ವ್ಯವಸ್ಥೆ ಇದ್ದಾಗ ಮಾತ್ರ ಪ್ರತಿಯೊಬ್ಬರ ಮಗುವಿಗೂ ಅದು ಇರುತ್ತದೆ.

ಊರಿನಿಂದ ಬಂದ ಅಜ್ಜಿಯನ್ನು ಮೊಮ್ಮಗುವಿನ ತೂಕ ಕೇಳಿದರೆ ಆಕೆ ಕಿಲೋದಲ್ಲೇ ಹೇಳುತ್ತಾಳೆ. ಆ ಉತ್ತರವನ್ನು ಸರಿಯಾಗಿ ಬರೆದುಕೊಂಡು, ಸರಿಯಾದ ಔಷಧವನ್ನು ಸರಿಯಾದ ಕೊಳವೆಯಲ್ಲಿ ಸರಿಯಾದ ಗಂಟೆಯೊಳಗೆ ಕೊಡುವ ಒಬ್ಬರು ಆ ಬಾಗಿಲಲ್ಲಿ ಇರಬೇಕು. ಯಾವ ರಾಜ್ಯದ ಯಾವ ಊರಿನ ಬಾಗಿಲಾದರೂ ಸರಿ, ಅಲ್ಲಿ ಒಬ್ಬರು ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಇಲ್ಲದಿದ್ದರೆ ಯಾಕಿಲ್ಲವೆಂದು ಕೇಳುವುದು ಅಲ್ಲಿ ವಾಸಿಸುವ ಎಲ್ಲರ ಕರ್ತವ್ಯ.